ಕೊನೆಯ ಉಪ್ಪು

"ಆಯ್ತು ಅಂತ ನನ್ನ ಬಾಯಿಂದ ಬಂದ ಮೇಲೆ ಭರಣಿ ಬಾಯಿ ಬಿಚ್ಚೋಕೆ ನೀನ್ಯಾರೇ? ಈ ಮನೆ ಯಜಮಾನಿಕೆ ನಿನಗೆ ಯಾವತ್ತು ಬರೆದುಕೊಟ್ಟೆ ನಾನು?"

ದೊಡ್ಡಮ್ಮನ ಕೂಗಿಗೆ ಎದುರುಮನೆಯಲ್ಲಿ ಕಟಕಟ ಅನ್ನುತ್ತಿದ್ದ ಟೈಲರನ ಮಿಷನ್ನು ಕೂಡ ಒಂದು ಗಳಿಗೆ ನಿಂತಿತು. ಬೀದಿಯವರೆಲ್ಲ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಸಿಟ್ಟು ಬಂದಾಗ ಎದುರಿಗೆ ನಿಲ್ಲುವ ಗಂಡೆದೆ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಈಗ ಎದುರಿಗೆ ನಿಂತಿದ್ದವಳು ಸೊಸೆ. ಎಡಗೈಯಲ್ಲಿ ಭರಣಿಯ ಬಾಯಿಂದ ಬಿಚ್ಚಿದ ಬಟ್ಟೆ, ಬಲಗೈ ಮುಷ್ಟಿಯಲ್ಲಿ ಇನ್ನೂ ಉಳಿದಿದ್ದ ಕಲ್ಲುಪ್ಪು. ಕಳ್ಳತನದ ಮಾಲಿನ ಸಮೇತ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು.

"ಬಾಯಲ್ಲಿ ಏನು ಕಡುಬು ತುಂಬಿಕೊಂಡಿದ್ದೀಯ? ಮಾತಾಡು."

"ಕಮ್ಮಿ ಆಗಿತ್ತು ಅತ್ತೆ."

"ಏನು ಕಮ್ಮಿ?"

"ಉಪ್ಪು."

"ಕೇಳಿದ್ಯೇನಮ್ಮ?" ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದಳು. "ನಾನು ಇಟ್ಟ ಉಪ್ಪು ಕಮ್ಮಿಯಂತೆ. ಮೊನ್ನೆ ಬಂದ ಮೊಟ್ಟೆ ಕೋಳಿಗೆ ಕೂಗೋದು ಕಲಿಸ್ತಿದೆ."

ಮಗಳು ಶಾಲೆಯ ಟೀಚರು. ಬೇರೆ ಊರಿನಲ್ಲಿದ್ದಳು, ರಜೆ ಹಾಕಿ ಬಂದಿದ್ದಳು. ತೂಕದ ಮಿಷನ್ನನ್ನು ಚೀಲಕ್ಕೆ ತುಂಬಿ, ಮರೆತ ಫೋನು ತೆಗೆದುಕೊಳ್ಳಲು ಹಿತ್ತಲ ಜಗುಲಿಗೆ ವಾಪಸು ಬಂದವಳ ಕಣ್ಣಿಗೇ ಇದು ಬಿದ್ದದ್ದು. ಕಿರುಚಿ ಅಮ್ಮನನ್ನು ಕರೆದವಳೂ ಅವಳೇ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಉಪ್ಪು ಕಮ್ಮಿಯಾಗಿತ್ತು ಎಂದು ಸೊಸೆ ಹೇಳಿದ್ದು ನಿಜ. ಅದು ನಿಜವೆಂದು ದೊಡ್ಡಮ್ಮನಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಕೂಗಿದಳು. ತಪ್ಪು ತಮ್ಮದಾದಾಗ ಜನ ಕೂಗುವಷ್ಟು, ತಪ್ಪು ಇನ್ನೊಬ್ಬರದಾದಾಗ ಕೂಗುವುದಿಲ್ಲ.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾರುವುದು ಒಂದೇ ಸರಕು, ಉಪ್ಪಿನಲ್ಲಿ ಹಾಕಿಟ್ಟ ನಿಂಬೆ. ದೊಡ್ಡಮ್ಮನ ಅತ್ತೆಗೂ ಹಿಂದಿನವರು ಶುರು ಮಾಡಿದ್ದು. ಹಣ್ಣು ಒರೆಸಿ, ಬುಡ ಬಿಡದ ಹಾಗೆ ಸೀಳಿ, ಹೊಟ್ಟೆಗೆ ಉಪ್ಪು ತುಂಬಿ ಭರಣಿಗಿಳಿಸಿ ಬಿಸಿಲಿಗಿಡುವುದು ಯಾರು ಬೇಕಾದರೂ ಮಾಡುವ ಕೆಲಸ. ಕಸುಬು ಇರುವುದು ಆಮೇಲೆ. ಹಣ್ಣು ರಸ ಬಿಟ್ಟು ಮುಳುಗಿದ ಮೇಲೆ ಮನೆಯ ಹಿರಿಯಳು ಮರದ ಸೌಟಿನಿಂದ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾಳೆ. ಈ ಸಲದ ಹಣ್ಣಿನ ಹುಳಿ ಎಷ್ಟು, ಸಿಪ್ಪೆಯ ಕಹಿ ಎಷ್ಟು, ಅದನ್ನು ನೋಡಿ ಹಿಡಿಯಲ್ಲಿ ಕಲ್ಲುಪ್ಪು ಹಾಕುತ್ತಾಳೆ. ಕಲಕಿ ಮತ್ತೆ ನೋಡುತ್ತಾಳೆ. ಸಾಕೆನಿಸಿದಾಗ "ಆಯ್ತು" ಅನ್ನುತ್ತಾಳೆ. ಆಯ್ತು ಎಂದರೆ ಆಯ್ತು, ಭರಣಿಯ ಬಾಯಿಗೆ ಬಟ್ಟೆ. ಹಣ್ಣು ಮೆತ್ತಗಾಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಆ ಮನೆಯಲ್ಲಿ ಇದಕ್ಕೆ ಕೊನೆಯ ಉಪ್ಪು ಎಂದು ಹೆಸರು. ಕಮ್ಮಿಯಾದರೆ ಹಣ್ಣಿಗೆ ಬೂಷ್ಟು, ಹೆಚ್ಚಾದರೆ ಹಣ್ಣು ಚರ್ಮವಾಗುತ್ತದೆ. ಹಸಿ ರಸ ಪಳಗದ ನಾಲಿಗೆಗೆ ಏನನ್ನೂ ಹೇಳುವುದಿಲ್ಲ, ಸುಮ್ಮನೆ ಉರಿಯುತ್ತದೆ ಅಷ್ಟೆ. ಅದಕ್ಕೇ ಹಿರಿಯಳು ತಾನು ನೋಡಿದ ಮೇಲೆ ಒಂದು ತೊಟ್ಟನ್ನು ಮುಂದಿನವಳ ಅಂಗೈಗೂ ಹಾಕುತ್ತಾಳೆ. "ನೆನಪಿಟ್ಟುಕೋ" ಅನ್ನುತ್ತಾಳೆ. ಕಲಿಸುವುದೆಂದರೆ ಅದೊಂದೇ. ವರ್ಷಗಟ್ಟಲೆ ಹಾಗೆ ನೆಕ್ಕಿ ನೆಕ್ಕಿ ದೊಡ್ಡಮ್ಮ ಕಲಿತಳು. ಹಾಗೇ ಸೊಸೆಯೂ ಕಲಿತಿದ್ದಳು.

ಹೋದ ಚಳಿಗಾಲದಲ್ಲಿ ದೊಡ್ಡಮ್ಮನಿಗೆ ಕೆಟ್ಟ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗು ನಾಲಿಗೆ ಎರಡನ್ನೂ ಕರೆದುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮಟು ಹೊಡೆಯುತ್ತಿದ್ದರೂ ಅವಳು ಅದರ ಪಕ್ಕದಲ್ಲೇ ಕೂತು ಹಣ್ಣು ಒರೆಸುತ್ತಿದ್ದಳು. ಓಡಿ ಬಂದ ಸೊಸೆ ಪಾತ್ರೆ ಇಳಿಸಿ ಅತ್ತೆಯ ಮುಖ ನೋಡಿದಳು. ಏನೂ ಕೇಳಲಿಲ್ಲ. ದೊಡ್ಡಮ್ಮನೂ ಏನೂ ಹೇಳಲಿಲ್ಲ. ಉಪ್ಪು, ಹುಳಿ, ಕಹಿ ಎಲ್ಲ ಸತ್ತು, ನಾಲಿಗೆಯಲ್ಲಿ ಉರಿಯೊಂದು ಉಳಿದಿತ್ತು.

ಆಮೇಲೆ ಬಂದ ಕೊನೆಯ ಉಪ್ಪಿನ ದಿನ ದೊಡ್ಡಮ್ಮ ಎಂದಿನಂತೆ ಸೌಟು ಎತ್ತಿದಳು, ಎಂದಿನಂತೆ ಸೊಸೆಯ ಅಂಗೈಗೆ ತೊಟ್ಟು ಹಾಕಿದಳು. ಎಂದೂ ಇಲ್ಲದ ಹಾಗೆ ಸೊಸೆಯ ಮುಖ ನೋಡಿದಳು. ಸೊಸೆಯ ಕಣ್ಣು ಉಪ್ಪಿನ ತಟ್ಟೆಯ ಕಡೆ ಹೊರಳಿತು. ದೊಡ್ಡಮ್ಮ ಇನ್ನೊಂದು ಹಿಡಿ ಹಾಕಿದಳು. ಸೊಸೆ ಕೈ ಟವೆಲಿಗೆ ಒರೆಸಿಕೊಂಡಳು. "ಆಯ್ತು" ಅಂದಳು ದೊಡ್ಡಮ್ಮ. ಅಲ್ಲಿಂದ ಮುಂದೆ ನಡೆದದ್ದೆಲ್ಲ ಹಾಗೆಯೇ. ಅತ್ತೆಯ ಬಾಯಿ, ಸೊಸೆಯ ನಾಲಿಗೆ. ಇಬ್ಬರ ನಡುವೆ ಈ ಬಗ್ಗೆ ಒಂದೇ ಒಂದು ಮಾತು ಹುಟ್ಟಿರಲಿಲ್ಲ. ಮಾತು ಹುಟ್ಟಿದ್ದರೆ ದೊಡ್ಡಮ್ಮ ಅದೇ ದಿನ ಸೌಟು ಕೆಳಗಿಡಬೇಕಾಗುತ್ತಿತ್ತು. ಸೌಟು ಇಡುವುದೆಂದರೆ ಅವಳಿಗೆ ತಲೆಯನ್ನೇ ಕೆಳಗಿಟ್ಟ ಹಾಗೆ.

ಇವತ್ತು ಆ ಏರ್ಪಾಟು ಕೈಕೊಟ್ಟಿತು. ಮಗಳು ವಿಡಿಯೋ ತೆಗೆಯಲು ಮೂರು ಕಾಲಿನ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ, "ನೀನು ಅಡ್ಡ ಬರ್ತಿದ್ದೀಯ ಕಣೆ, ಅಮ್ಮ ಒಬ್ಬಳೇ ಕಾಣಬೇಕು, ನೀನು ಸ್ವಲ್ಪ ಆಚೆ ಇರು" ಎಂದು ಸೊಸೆಯನ್ನು ನಲ್ಲಿಯ ಹತ್ತಿರ ಕಳಿಸಿದ್ದಳು. ದೊಡ್ಡಮ್ಮ ಸೌಟು ಎತ್ತಿ ಸುತ್ತ ನೋಡಿದಳು. ಫೋನಿತ್ತು, ತೂಕದ ಮಿಷನ್ನಿತ್ತು. ಸೊಸೆಯ ಮುಖ ಇರಲಿಲ್ಲ. ಹಾಕಿದಳು, ಕೊನೆಯ ಉಪ್ಪಿಗೆ ಕಾದಿದ್ದ ಎರಡೂ ಭರಣಿಗೆ, ಏನೋ ಒಂದಷ್ಟು. ಫೋನಿನ ಕಡೆ ನೋಡಿ "ಆಯ್ತು" ಅಂದಳು. ಸೌಟು ತೊಳೆಯಲು ತೆಗೆದುಕೊಂಡ ಸೊಸೆ ಅದನ್ನು ನೆಕ್ಕಿ ನೋಡಿರಬೇಕು. ಒಂದು ಭರಣಿಗೆ ಉಪ್ಪು ಸರಿ ಮಾಡಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಸಿಕ್ಕಿಬಿದ್ದಳು.

"ನಾನು ಗ್ರಾಂ ಗ್ರಾಂ ತೂಗಿದ್ದೀನಿ," ಮಗಳು ಅಳುವ ದನಿಯಲ್ಲಿ ಹೇಳಿದಳು. "ಹಣ್ಣಿನ ತೂಕ, ರಸದ ತೂಕ, ಅಮ್ಮ ಹಾಕಿದ ಹಿಡಿಯ ತೂಕ. ಚಿಕ್ಕಮ್ಮ ಸತ್ತಾಗ ಅವಳ ಕೈಯಡುಗೆಯೆಲ್ಲ ಅವಳ ಜೊತೆ ಮಣ್ಣಿಗೆ ಹೋಯ್ತು. ಒಂದಾದರೂ ಯಾರಿಗಾದರೂ ಗೊತ್ತಾ? ಇದೂ ಹಾಗೆ ಆಗಬಾರದು ಅಂತ ನಾನು ಇಷ್ಟು ದೂರ ಬಂದರೆ, ನೀನು ಹಿಂದಿನಿಂದ ಬಂದು ಕಲಬೆರಕೆ ಮಾಡ್ತೀಯಲ್ಲ!"

"ಅಕ್ಕಾ, ಕಲಬೆರಕೆ ಅಲ್ಲ."

"ಮತ್ತೇನು ಅದು?"

ಸೊಸೆ ಅತ್ತೆಯ ಕಡೆ ನೋಡಿದಳು. ನೀವೇ ಹೇಳಿ ಎಂಬ ನೋಟ ಅದು. ದೊಡ್ಡಮ್ಮ ಭರಣಿಯ ಬಟ್ಟೆಯನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಹೊಟ್ಟೆಕಿಚ್ಚು, ಇನ್ನೇನು? ಮಗಳಿಗೆ ಹೇಳಿಕೊಟ್ಟುಬಿಟ್ಟರೆ ತನ್ನ ಬೆಲೆ ಇಳಿದುಹೋಗುತ್ತೆ ಅಂತ. ಮಗಳು ಕಲಿಯೋದು ಕೆಡಲಿ ಅಂತ ಹಾಕಿದ್ದಾಳೆ."

ಆಡಿದ ಮೇಲೆ ಅವಳಿಗೇ ಅನ್ನಿಸಿತು, ಸ್ವಲ್ಪ ಹೆಚ್ಚಾಯಿತು ಎಂದು. ಆದರೆ ಚೆಲ್ಲಿದ ಹಾಲನ್ನು ಬಳಿದು ಪಾತ್ರೆಗೆ ತುಂಬುವವರು ಯಾರು?

ಅಂಗಡಿಯ ಕಡೆಯಿಂದ ಕೆಮ್ಮು ಕೇಳಿತು. ಟೈಲರ್ ಕುತ್ತಿಗೆಯಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡು, ಖಾಲಿ ಡಬ್ಬಿ ಹಿಡಿದು ಕಟ್ಟೆಗೆ ಒರಗಿದ್ದ. ನಿಂಬೆ ನೆಪ, ಜಗಳ ಜಪ.

"ದೊಡ್ಡಮ್ಮ, ಒಂದು ನಾಲ್ಕು ಹಣ್ಣು ಬೇಕಿತ್ತು. ಒಳಗೆ ಒಗ್ಗರಣೆ ಜೋರಾಗಿದೆ, ಆಮೇಲೆ ಬರಲಾ?"

"ಬಂದವನು ತಗೊಂಡು ಹೋಗು. ನನ್ನ ಮನೆ ಒಗ್ಗರಣೆ ನಿನ್ನ ಮೂಗಿಗೆ ಯಾಕೆ?"

ಡಬ್ಬಿಗೆ ಹಣ್ಣು ಹಾಕಿ ಕೊಡುವಾಗ ಅವನು ಸುಮ್ಮನಿರಲಾರದೆ ಹೇಳಿದ: "ಏನೇ ಹೇಳಿ, ಈ ಸಲದ್ದು ನಿಮ್ಮತ್ತೆ ಕಾಲದ್ದೇ ರುಚಿ. ಹೋದ ವರ್ಷದ್ದಕ್ಕಿಂತ ಒಂದು ಕೈ ಮೇಲು. ವಯಸ್ಸಾದ ಹಾಗೆ ನಿಮ್ಮ ನಾಲಿಗೆ ಚುರುಕಾಗ್ತಿದೆ ದೊಡ್ಡಮ್ಮ. ಎಲ್ಲಾ ಅರ್ಥದಲ್ಲೂ!"

ತನ್ನ ಜೋಕಿಗೆ ತಾನೇ ನಕ್ಕು ರಸ್ತೆ ದಾಟಿದ. ದೊಡ್ಡಮ್ಮ ಕಟ್ಟೆಯ ಮೇಲೆ ಕೈಯೂರಿ ನಿಂತಳು. ಅವನು ಹೊಗಳಿದ ಆ ಭರಣಿಗೆ ಉಪ್ಪು ಬಿದ್ದದ್ದು ಜ್ವರ ಬಿಟ್ಟ ಮೇಲೆ. ಹೊಗಳಿಕೆಯನ್ನು ಉಗುಳಲಾರಳು, ನುಂಗಲಾರಳು, ಬಾಯಲ್ಲಿ ಬಿಸಿ ತುಪ್ಪ.

ಗಲಾಟೆಗೆ ಮಗ ಎದ್ದು ಬಂದ. ಬಸ್ಸಿನ ಡ್ರೈವರ್ ಅವನು, ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದ್ದ. ನಿದ್ದೆಗೆಟ್ಟ ಕಣ್ಣು, ಮುದುಡಿದ ಬನಿಯನ್ನು.

"ಏನಾಯ್ತು? ಬೀದಿಗೆಲ್ಲ ಕೇಳೋ ಹಾಗೆ?"

ಅಕ್ಕ ಹೇಳಿದಳು. ಅಮ್ಮ ಹೇಳಿದಳು. ಇಬ್ಬರೂ ಒಟ್ಟಿಗೇ ಹೇಳಿದರು. ಹೆಂಡತಿ ಹೇಳಲಿಲ್ಲ, ಅವನು ಕೇಳಲೂ ಇಲ್ಲ.

"ಅಮ್ಮ ಆಯ್ತು ಅಂದ ಮೇಲೆ ಮುಗೀತಲ್ವೇನೇ? ಇಷ್ಟು ವರ್ಷ ಆದ್ರೂ ಗೊತ್ತಾಗಲ್ವಾ ನಿನಗೆ? ಸಿಗ್ನಲ್ ಕೆಂಪಿದ್ದಾಗ ಗಾಡಿ ಬಿಡ್ತೀನಾ ನಾನು?"

"ನೀವು ಗಾಡಿ ಓಡಿಸೋರು," ಎಂದಳು ಸೊಸೆ. "ಬ್ರೇಕ್ ಹಿಡೀತಿಲ್ಲ ಅಂತ ಗೊತ್ತಾದ ಮೇಲೂ ಸುಮ್ಮನೆ ಕೂತಿರ್ತೀರಾ?"

"ಏನು ಹಾಗಂದ್ರೆ?"

ಬಂತು, ಈಗ ಹೊರಗೆ ಬಂತು ಎಂದುಕೊಂಡಳು ದೊಡ್ಡಮ್ಮ. ಆದರೆ ಸೊಸೆ ಮುಷ್ಟಿಯ ಉಪ್ಪನ್ನು ತಟ್ಟೆಗೆ ಸುರಿದು ಕೈ ಕೊಡವಿಕೊಂಡಳು.

ಮಗಳು ಕೆಟ್ಟವಳಲ್ಲ. ಮಕ್ಕಳು ಜಗಳವಾಡಿದರೆ ಇಬ್ಬರನ್ನೂ ನಿಲ್ಲಿಸಿ ತೀರ್ಪು ಹೇಳುವ ಅಭ್ಯಾಸ ಅವಳಿಗೆ. ಅದನ್ನೇ ಇಲ್ಲೂ ಮಾಡಹೋದಳು.

"ಜಗಳ ಯಾಕೆ? ಅಮ್ಮನ ನಾಲಿಗೆ ಇದೆಯಲ್ಲ," ಅಂದಳು. "ಒಂದು ಭರಣಿಗೆ ಇವಳು ಉಪ್ಪು ಹಾಕಿದ್ದಾಳೆ, ಇನ್ನೊಂದು ಅಮ್ಮ ಬಿಟ್ಟ ಹಾಗೇ ಇದೆ. ಎರಡರಿಂದಲೂ ಒಂದೊಂದು ಬಟ್ಟಲು ತರ್ತೀನಿ. ಯಾವುದು ಯಾವುದು ಅಂತ ಹೇಳೋಲ್ಲ. ಅಮ್ಮ ನೋಡಿ ಹೇಳಲಿ. ತಪ್ಪಿರೋದನ್ನ ಚೆಲ್ಲೋಣ, ಸರಿ ಇರೋದನ್ನ ಇಟ್ಕೊಳ್ಳೋಣ. ವಿಡಿಯೋನೂ ಚೆನ್ನಾಗಿ ಬರುತ್ತೆ."

"ಅದೆಲ್ಲ ಏನೂ ಬೇಡ," ಎಂದಳು ದೊಡ್ಡಮ್ಮ.

"ಅಮ್ಮ, ನಿನಗೇನು ಕಷ್ಟ? ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀಯ ನೀನು."

"ಮಾಡಮ್ಮ, ಒಂದು ಸಲ ಆಗಿಹೋಗಲಿ," ಎಂದ ಮಗ. "ಇವಳಿಗೂ ಬುದ್ಧಿ ಬರುತ್ತೆ."

ಬೇಡ ಎನ್ನಲು ಇನ್ನೊಂದು ಕಾರಣ ದೊಡ್ಡಮ್ಮನಿಗೆ ಹೊಳೆಯಲಿಲ್ಲ. ಮಗಳು ಬಟ್ಟಲು ಹಿಡಿದು ಜಗುಲಿಗೆ ಹೋದಳು. ಜಗುಲಿಗೆ ತೆರೆದ ಕಿಟಕಿಯ ಪಕ್ಕ ಸೊಸೆ ನಿಂತಿದ್ದಳು. ಯಾವ ಭರಣಿಯ ರಸ ಯಾವ ಬಟ್ಟಲಿಗೆ ಹೋಯಿತು ಎಂಬುದು ಅವಳಿಗೆ ಕಂಡಿತು.

ಮೇಜಿನ ಮೇಲೆ ಎರಡು ಬಟ್ಟಲು. ಒಂದೇ ಅಚ್ಚಿನವು, ಬಿಳಿಯವು. ಮಗಳು ಫೋನು ಎತ್ತಿ ಹಿಡಿದಳು. ಮಗ ಗೋಡೆಗೆ ಒರಗಿ ಕೈ ಕಟ್ಟಿದ. ದೊಡ್ಡಮ್ಮ ಎಡಗಡೆಯದಕ್ಕೆ ಸೌಟು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಉರಿ. ನೀರು ಕುಡಿದು ಬಲಗಡೆಯದನ್ನು ನೋಡಿದಳು. ಅದೇ ಉರಿ. ಎರಡು ಉರಿಗಳ ನಡುವೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಸಿಗುತ್ತದೇನೋ ಎಂದು ಕಣ್ಣು ಮುಚ್ಚಿದಳು. ಮೊದಲಾದರೆ ಇಷ್ಟು ಹೊತ್ತಿಗೆ ಬಾಯೊಳಗೊಂದು ಸಂತೆಯೇ ನೆರೆಯುತ್ತಿತ್ತು. ಹುಳಿ ಒಂದು ಕಡೆ ಕೂಗುವುದು, ಸಿಪ್ಪೆಯ ಕಹಿ ಇನ್ನೊಂದು ಕಡೆ, ಉಪ್ಪು ಬಂದು ಇಬ್ಬರ ಬಾಯನ್ನೂ ಮುಚ್ಚಿಸುವುದು. ಈಗ ಬೀಗ ಹಾಕಿದ ಮನೆ.

"ಹೇಳಮ್ಮ," ಎಂದಳು ಮಗಳು.

ದೊಡ್ಡಮ್ಮ ಕಣ್ಣು ಬಿಟ್ಟಳು. ಅಭ್ಯಾಸ ಕೆಟ್ಟದ್ದು, ಕಣ್ಣು ನೇರ ಸೊಸೆಯ ಮುಖಕ್ಕೇ ಹೋಯಿತು.

ಇಷ್ಟೆಲ್ಲ ಅನ್ನಿಸಿಕೊಂಡ ಹುಡುಗಿ ಮುಖ ತಿರುಗಿಸಿ ನಿಲ್ಲಬಹುದಿತ್ತು. ನಿಂತಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವಳು ತಿರುಗಿಸಲಿಲ್ಲ. ಎಂದಿನಂತೆ, ಯಾರಿಗೂ ಕಾಣದ ಹಾಗೆ, ಕಣ್ಣನ್ನು ಎಡಗಡೆಯ ಬಟ್ಟಲಿನ ಮೇಲೆ ಇಳಿಸಿದಳು. ಟವೆಲಿಗೆ ಕೈ ಒರೆಸಿಕೊಂಡಳು. ಇದು ಸರಿ ಇದೆ ಅತ್ತೆ, ಇದನ್ನು ಹೇಳಿ ಎಂದು ಅದರ ಅರ್ಥ.

ದೊಡ್ಡಮ್ಮನಿಗೆ ಅರ್ಥವಾಯಿತು. ಅರ್ಥವಾದದ್ದು ಒಂದಲ್ಲ, ಎರಡು. ಎಡಗಡೆಯದು ಸರಿ. ಎಡಗಡೆಯದು ಸೊಸೆ ಉಪ್ಪು ಹಾಕಿದ್ದು. ಅದನ್ನು ತೋರಿಸಿದರೆ ಭರಣಿ ಉಳಿಯುತ್ತದೆ, ಈ ಮನೆಯ ರುಚಿ ಉಳಿಯುತ್ತದೆ. ಆದರೆ ಮಕ್ಕಳ ಮುಂದೆ, ಆ ಫೋನಿನ ಮುಂದೆ, ದೊಡ್ಡಮ್ಮ ಹೇಳಿದ "ಆಯ್ತು" ಸುಳ್ಳಾಗುತ್ತದೆ. ಒಂದು ಸಲ ಸುಳ್ಳಾದರೆ ಮಗಳು ಯಾಕೆ ಎಂದು ಕೇಳುತ್ತಾಳೆ, ಟೀಚರ್ ಅಲ್ಲವೇ, ಬುಡ ಸಿಗುವ ತನಕ ಅಗೆಯುತ್ತಾಳೆ. ನಾಳೆ ಡಾಕ್ಟರು, ನಾಡಿದ್ದು ಸೌಟು ಇನ್ನೊಬ್ಬಳ ಕೈಗೆ.

"ಇದು," ಎಂದು ಬಲಗಡೆಯ ಬಟ್ಟಲು ತೋರಿಸಿದಳು. "ಇದೇ ನಮ್ಮ ಮನೆ ರುಚಿ. ಆ ಇನ್ನೊಂದನ್ನ ಬಾಯಿಗೆ ಇಡೋಕಾಗಲ್ಲ, ಬರೀ ಉಪ್ಪು. ಚೆಲ್ಲಿ."

ಮಗಳು ಚಪ್ಪಾಳೆ ತಟ್ಟುವುದೊಂದು ಬಾಕಿ. "ನೋಡಿದ್ರಾ! ಬಲಗಡೆಯದೇ ಅಮ್ಮ ಹಾಕಿದ್ದು. ಅಬ್ಬಾ ನಾಲಿಗೆಯೇ! ಈಗ ನನ್ನ ತೂಕ ಸರಿಯಾಯ್ತು. ಇನ್ನು ನೂರು ವರ್ಷ ಆದ್ರೂ ಯಾರು ಬೇಕಾದ್ರೂ ಮಾಡಬಹುದು."

ಸೊಸೆ ಅತ್ತೆಯನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ. ಪರಿಚಯದವರು ಎಂದು ಹತ್ತಿರ ಹೋಗಿ, ಅಲ್ಲ ಎಂದು ಗೊತ್ತಾದಾಗ ನೋಡುತ್ತಾರಲ್ಲ, ಆ ಥರ.

ಮಗ ಭರಣಿ ಎತ್ತಿಕೊಂಡು ಹೋಗಿ ಬಚ್ಚಲಿಗೆ ಬೋರಲು ಹಾಕಿದ. ಹಣ್ಣುಗಳು ದಡದಡ ಉರುಳಿದವು. ಬಚ್ಚಲ ಬಾಯಿಗೆ ಸಿಕ್ಕಿಕೊಂಡವನ್ನು ಕೋಲಿನಿಂದ ತಿವಿದು ನೂಕಿದ. ವಾಪಸು ಬಂದು ಹೆಂಡತಿಗೆ ಹೇಳಿದ:

"ಅಮ್ಮನ ಹತ್ರ ತಪ್ಪಾಯ್ತು ಅನ್ನು. ಇನ್ನು ಮೇಲೆ ಭರಣಿ ಮುಟ್ಟಲ್ಲ ಅನ್ನು. ಅಷ್ಟು ಅಂದುಬಿಟ್ರೆ ಮುಗೀತು."

"ಅನ್ನದಿದ್ರೆ?"

"ಅನ್ನದಿದ್ರೆ ದಾರಿ ಅಲ್ಲಿದೆ. ಬಾಗಿಲಿಗೆ ಬೀಗ ಹಾಕಿಲ್ಲ."

ಗಂಡಸರು ಇಂಥ ಮಾತನ್ನು ಯೋಚಿಸಿ ಆಡುವುದಿಲ್ಲ. ಕೇಳಿಸಿಕೊಂಡ ಹೆಂಗಸು ಎದ್ದುಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಆಡುತ್ತಾರೆ. ಸೊಸೆ ಟವೆಲು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೋಣೆಗೆ ಹೋಗಿ ಕೈಚೀಲ ಹಿಡಿದು ಬಂದಳು. ಚಪ್ಪಲಿ ಮೆಟ್ಟಿಕೊಂಡಳು.

"ನಾಟಕ ನೋಡು," ಎಂದ ಮಗ. "ತನ್ನ ತಂಗಿ ಮನೆಗೆ ಹೊರಟಳು. ಸಂಜೆ ಹೊತ್ತಿಗೆ ಬರ್ತಾಳೆ ಬಿಡಿ."

ಅಂಗಡಿಯ ಬಾಗಿಲಲ್ಲಿ ದೊಡ್ಡಮ್ಮ ಒಬ್ಬಳೇ ನಿಂತಿದ್ದಳು. ಸೊಸೆ ಅವಳ ಹತ್ತಿರ ಬಂದು, ಒಳಗಿನವರಿಗೆ ಕೇಳದ ಹಾಗೆ ಹೇಳಿದಳು:

"ಉಳಿದಿರೋ ಆ ಭರಣಿ ಬೂಷ್ಟು ಹಿಡಿಯುತ್ತೆ ಅತ್ತೆ. ಅಕ್ಕ ಆ ತೂಕ ಇಟ್ಟುಕೊಂಡು ಹಾಕಿದ್ದೆಲ್ಲಾ ಬೂಷ್ಟು ಹಿಡಿಯುತ್ತೆ. ನನಗೆ ತಪ್ಪಾಯ್ತು ಅನ್ನೋದೇನೂ ಕಷ್ಟ ಇರಲಿಲ್ಲ, ಎಷ್ಟೋ ಸಲ ಅಂದಿದ್ದೀನಿ. ಆದರೆ ನಾನು ತೋರಿಸಿದ್ದನ್ನೇ ಹಿಡ್ಕೊಂಡು ನನಗೇ ಹೊಡೆದ್ರಲ್ಲ ನೀವು."

ದೊಡ್ಡಮ್ಮ ಕಟ್ಟೆಯ ಮೇಲಿದ್ದ ಡಬ್ಬಿಯೊಂದನ್ನು ಆಚೀಚೆ ಸರಿಸಿದಳು.

"ನೀವೇ ಹೇಳಬೇಕು. ನಾನು ಹೇಳೋಲ್ಲ, ಹೇಳಿದ್ರೂ ಯಾರೂ ನಂಬಲ್ಲ. ಬೀದಿ ಕೊನೆ ತನಕ ನಿಧಾನಕ್ಕೆ ನಡೀತೀನಿ. ಒಂದು ಸಲ ಕೂಗಿ, ಸಾಕು. ಬರ್ತೀನಿ."

ಅವಳು ಮೆಟ್ಟಿಲಿಳಿದಳು. ಹೇಳಿದ ಹಾಗೆ ನಿಧಾನವಾಗಿಯೇ ನಡೆದಳು. ಟೈಲರನ ಅಂಗಡಿ ದಾಟಿದಳು. ಅವನು ಏನೋ ಕೇಳಿದ, ಇವಳು ತಲೆಯಾಡಿಸಿದಳು. ಸೈಕಲ್ ರಿಪೇರಿಯವನು ರಸ್ತೆಗೇ ಹರಡಿದ್ದ ಟ್ಯೂಬುಗಳನ್ನು ಸುತ್ತಿ ಬಳಸಿ ನಡೆದಳು. ನಲ್ಲಿಯ ಹತ್ತಿರ ಕೊಡ ಹೊತ್ತವಳೊಬ್ಬಳಿಗೆ ನಿಂತು ದಾರಿ ಬಿಟ್ಟಳು. ಹಿಂತಿರುಗಿ ನೋಡಲಿಲ್ಲ, ಆದರೆ ಕಿವಿ ಹಿಂದೆಯೇ ಇತ್ತು. ಅದು ಅವಳ ನಡಿಗೆಯಲ್ಲೇ ತಿಳಿಯುತ್ತಿತ್ತು.

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದಳು. ಆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು ಅವಳದು. ಒಂದು ಮಾತು ಸಾಕಾಗಿತ್ತು. ಮಾತು ಗಂಟಲಿನ ತನಕ ಬಂದೂ ಇತ್ತು.

"ಏನಂದಳು ಅಮ್ಮ?" ಹಿಂದಿನಿಂದ ಮಗಳು ಬಂದು ಹೆಗಲ ಮೇಲೆ ಕೈ ಇಟ್ಟಳು. "ಬೇಜಾರು ಮಾಡ್ಕೋಬೇಡ. ಒಳಗೆ ಬಾ, ವಿಡಿಯೋ ನೋಡು, ಎಷ್ಟು ಚೆನ್ನಾಗಿ ಬಂದಿದೆ. ನಿನ್ನ ಮುಖದಲ್ಲಿ ಏನು ಗತ್ತು!"

"ಏನೂ ಅನ್ನಲಿಲ್ಲ," ಎಂದಳು ದೊಡ್ಡಮ್ಮ.

ಬೀದಿಯ ಕೊನೆಯಲ್ಲಿ ಸೊಸೆ ನಿಂತಳು. ಕೈಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಅದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ತಿರುವಿನಲ್ಲಿ ಮರೆಯಾದಳು.

ಸಂಜೆಯಾಯಿತು, ಬರಲಿಲ್ಲ. ಮಗ ಅವಳ ತಂಗಿಯ ಮನೆಗೆ ಹೋಗಿ ಕರೆದ, ಬರಲಿಲ್ಲ. ಮುಂದಿನ ಹಂಗಾಮಿಗೆ ಹಣ್ಣಿನ ಬುಟ್ಟಿಗಳು ಬಂದು ಜಗುಲಿಯಲ್ಲಿ ಇಳಿದವು. ಆಗಲೂ ಅವಳು ಬರಲಿಲ್ಲ.